ಗಟ್ಟಿ ಗಂಟಲಿನ ಹೆಂಗಸರು ಹಾಡುವ ಬ್ಯಾಂಡ್‌ಗಳು ಬೇಕು, ಎಲ್ಲಿ ಹುಡುಕಲಿ?

ಬೆಳಗಿನ_ಬಸ್ಸು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ಹಿನ್ನೆಲೆ ಹೇಳದಿದ್ದರೆ ಅರ್ಥ ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಓದುತ್ತಿದ್ದಾಗ ನಮ್ಮಣ್ಣ ಬೆಂಗಳೂರಿಂದ ಒಂದು ಕ್ಯಾಸೆಟ್ ತಂದಿದ್ದ. ಕ್ರ್ಯಾನ್‌ಬೆರೀಸ್ ಬ್ಯಾಂಡಿನದು. ಅದರಲ್ಲಿ 'ಝಾಂಬಿ' ಇತ್ತು. ಡೊಲೊರೆಸ್ ಒ'ರಿಯೊರ್ಡನ್ ದನಿ ಒಂದು ಕಡೆ ಒಡೆದು ಮತ್ತೆ ಕೂಡಿಕೊಳ್ಳುತ್ತದಲ್ಲ, ಅಷ್ಟನ್ನೇ ಕೇಳಲು ರಿವೈಂಡ್ ಮಾಡಿ ಮಾಡಿ ಟೇಪೇ ಸವೆದುಹೋಯಿತು. ಮೊದಲ ಸಲ ಹಾಕಿದಾಗ ಅಮ್ಮ ಕೈಯಲ್ಲಿ ಸೌಟು ಹಿಡಿದೇ "ಯಾರಿಗೆ ಏನಾಯ್ತೇ?" ಎಂದು ಓಡಿ ಬಂದಿದ್ದರು. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಎಂಬ ಊರಲ್ಲಿ ಬಾಂಬ್ ಸಿಡಿದು ಇಬ್ಬರು ಹುಡುಗರು ಸತ್ತ ಮೇಲೆ ಬರೆದ ಹಾಡು ಅದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಆಗ ನನಗೆ ಇಂಗ್ಲಿಷೇ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಈ ಹೆಂಗಸಿಗೆ ಯಾವುದರ ಮೇಲೋ ತುಂಬಾ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು ಅನ್ನಿಸಿತ್ತು.

ಆಮೇಲೆ ಕೆಲಸ, ಮದುವೆ, ಮಗಳು. ಹಾಡು ಕೇಳುವುದು ಅಂದರೆ ಬೇರೆಯವರು ಹಾಕಿದ್ದು ಕೇಳುವುದು ಅಂತಾಯಿತು. ಹೋದ ತಿಂಗಳು ಮೈಸೂರಿಗೆ ಹೋಗುವಾಗ ಚಿಕ್ಕಪ್ಪನ ಮಗಳು ಕಾರಲ್ಲಿ 'ಆಮಿಲ್ ಆ್ಯಂಡ್ ದಿ ಸ್ನಿಫರ್ಸ್' ಎಂಬ ಬ್ಯಾಂಡ್ ಹಾಕಿದಳು. ಮದ್ದೂರು ದಾಟಿದ್ದೇ ಗೊತ್ತಾಗಲಿಲ್ಲ, ವಡೆ ತಿನ್ನಲೂ ನಿಲ್ಲಿಸಲಿಲ್ಲ ಅಂದರೆ ಲೆಕ್ಕ ಹಾಕಿ.

ಸಮಸ್ಯೆ ಏನೆಂದರೆ, ಇಂಥದ್ದೇ ಇನ್ನಷ್ಟು ಬೇಕು ಅಂತ ನನ್ನ ಫೋನಿನ ಆ್ಯಪಿನಲ್ಲಿ 'ಫೀಮೇಲ್ ಆಲ್ಟರ್ನೇಟಿವ್' ಎಂದು ಹುಡುಕಿದರೆ ಬರೀ ಪಿಸುಗುಟ್ಟುವವರೇ ಬರುತ್ತಾರೆ. ಎಲ್ಲರೂ ಈಗಷ್ಟೇ ಅತ್ತು ಎದ್ದು ಬಂದ ಹಾಗೆ. ಕೆಟ್ಟದಾಗಿದೆ ಅಂತಲ್ಲ, ಆದರೆ ಬೆಳಗ್ಗೆ ಏಳಕ್ಕೆ ಬಸ್ಸಲ್ಲಿ ಜೋಗುಳ ಯಾರಿಗೆ ಬೇಕು? ನನಗೆ ಗಿಟಾರು, ಡ್ರಮ್ಸು ಜೋರಾಗಿರಬೇಕು. ಹಾಡುವವಳು ಯಾರ ಅಪ್ಪಣೆಯನ್ನೂ ಕೇಳಬಾರದು. ಭಾಷೆ ಯಾವುದಾದರೂ ಪರವಾಗಿಲ್ಲ. ಮೆಟಲ್‌ನವರು ಗುರ್‌ಗುಡುತ್ತಾರಲ್ಲ, ಅದು ಮಾತ್ರ ಬೇಡ. ದಿನಾ ಬಸ್ಸಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಸಿಗುತ್ತದೆ. ತುಂಬಿಸಿಕೊಡಿ.

ತಮಟೆ_ತಮ್ಮಯ್ಯ:

ಅಕ್ಕಾ, ಮೊದಲು ಆ 'ಫೀಮೇಲ್' ಅನ್ನುವ ಪದ ಹಾಕಿ ಹುಡುಕುವುದನ್ನು ಬಿಟ್ಟುಬಿಡಿ. ಅದು ಒಂದು ಬಗೆಯ ಸಂಗೀತದ ಹೆಸರೇ ಅಲ್ಲ. ಹೋಟೆಲಿಗೆ ಹೋಗಿ "ಹೆಂಗಸರು ಮಾಡಿದ ತಿಂಡಿ ಕೊಡಿ" ಅಂದ ಹಾಗೆ. ಏನು ಬೇಕಾದರೂ ಬರಬಹುದು.

ಪಂಕ್ ಅಂದರೆ ನಯನಾಜೂಕು ಇಲ್ಲದ, ವೇಗದ, ಸಿಟ್ಟಿನ ರಾಕ್. ಪಂಕ್, ಅದರ ಬೆನ್ನಿಗೇ ಬಂದ ಪೋಸ್ಟ್-ಪಂಕ್, ಒರಟು ಸದ್ದಿನ ಗ್ಯಾರೇಜ್ ರಾಕ್, ಇವುಗಳ ಹೆಸರಲ್ಲಿ ಹುಡುಕಿ. ನೀವು ಕೇಳುತ್ತಿರುವುದು ಈ ಮೂರರ ನಡುವೆ ಎಲ್ಲೋ ಇದೆ.

ಹೊಸದು ಕೇಳುವ ಮುಂಚೆ ಒಂದೇ ಒಂದು ಹಳೆಯದು ಕೇಳಿ. 'ಎಕ್ಸ್-ರೇ ಸ್ಪೆಕ್ಸ್', ಲಂಡನ್. ಹಾಡುವವಳು ಪಾಲಿ ಸ್ಟೈರೀನ್. ಅಪ್ಪ ಸೊಮಾಲಿಯಾದವರು, ಅಮ್ಮ ಬ್ರಿಟಿಷ್. 1976ರಲ್ಲಿ ತನ್ನ ಹತ್ತೊಂಬತ್ತನೇ ಹುಟ್ಟುಹಬ್ಬದ ದಿನ ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿನ ಕಾರ್ಯಕ್ರಮ ನೋಡಿದಳು. ಇಷ್ಟೇನಾ, ನಾನೂ ಮಾಡಬಹುದು ಅನ್ನಿಸಿರಬೇಕು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಬ್ಯಾಂಡ್ ಕಟ್ಟಿದಳು. ಹಲ್ಲಿಗೆ ಕ್ಲಿಪ್ಪು ಹಾಕಿಕೊಂಡೇ ವೇದಿಕೆಗೆ ಬರುತ್ತಿದ್ದಳು. 1977ರ ಮೊದಲ ಹಾಡು ಶುರುವಾಗುವುದು ಮೆತ್ತಗೆ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯ ಹಾಗೆ ಒಂದೇ ಒಂದು ಮಾತು. ಮರುಗಳಿಗೆ ಛಾವಣಿ ಹಾರಿಹೋಗುತ್ತದೆ. ಪಕ್ಕದಲ್ಲಿ ಸ್ಯಾಕ್ಸೊಫೋನ್ ಬೇರೆ, ಮದುವೆ ಮೆರವಣಿಗೆಯ ವಾಲಗದವರು ದಾರಿ ತಪ್ಪಿ ಬಂದ ಹಾಗಿರುತ್ತದೆ. 'ಜರ್ಮ್‌ಫ್ರೀ ಅಡಾಲಸೆಂಟ್ಸ್' ಎಂಬ ಆಲ್ಬಂ 1978ರದು. ಪ್ಲಾಸ್ಟಿಕ್ಕು, ಜಾಹೀರಾತು, ಕೊಳ್ಳುಬಾಕತನ ಇವೇ ವಿಷಯ. ಇವತ್ತು ಬರೆದ ಹಾಗಿದೆ. ಆಮೇಲೆ ಆಕೆ ಹರೇ ಕೃಷ್ಣ ಪಂಥ ಸೇರಿದಳು, 2011ರಲ್ಲಿ ತೀರಿಕೊಂಡಳು.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಇವಳನ್ನು ಕೇಳಿದ ಮೇಲೆ ಉಳಿದವರು ಎಲ್ಲಿಂದ ಬಂದರು ಅನ್ನುವುದು ತಾನೇ ಗೊತ್ತಾಗುತ್ತದೆ. ಅಲ್ಲಿಂದ ನೇರ ಅಮೆರಿಕದ ಒಲಿಂಪಿಯಾಕ್ಕೆ ಹಾರಿ. ವಾಷಿಂಗ್ಟನ್ ರಾಜ್ಯದ ಸಣ್ಣ ಊರು. 1990ರಲ್ಲಿ 'ಬಿಕಿನಿ ಕಿಲ್' ಹುಟ್ಟಿದ್ದು ಅಲ್ಲಿ. ಕ್ಯಾಥ್ಲೀನ್ ಹ್ಯಾನಾ ಹಾಡು ಶುರು ಮಾಡುವ ಮುಂಚೆ ಹುಡುಗಿಯರನ್ನೆಲ್ಲ ಮುಂದೆ ಬನ್ನಿ ಅಂತ ಕರೆಯುತ್ತಿದ್ದಳು, ಹುಡುಗರು ಹಿಂದೆ ಸರಿಯಬೇಕು. ಯಾಕೆಂದರೆ ಪಂಕ್ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲು ಅಂದರೆ ತಳ್ಳಾಟ, ಮೊಣಕೈ ಏಟು. ಹುಡುಗಿಯರು ಗೋಡೆಗೆ ಅಂಟಿಕೊಂಡು ಹುಡುಗರ ಕೋಟು ಹಿಡಿದು ನಿಲ್ಲಬೇಕಿತ್ತು. ನಮ್ಮೂರ ಜಾತ್ರೆಯ ಆರ್ಕೆಸ್ಟ್ರಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅದೇ ಊರಿನ ಇನ್ನೊಂದು ಬ್ಯಾಂಡ್ 'ಸ್ಲೀಟರ್-ಕಿನ್ನಿ'. ಬೇಸ್ ಗಿಟಾರೇ ಇಲ್ಲ. ಎರಡು ಗಿಟಾರು ಒಂದರ ಮೇಲೊಂದು ಜಗಳ ಆಡುತ್ತವೆ, ಮೇಲೆ ಕಾರಿನ್ ಟಕರ್ ದನಿ ಸೈರನ್ ಹಾಗೆ ಅಲುಗುತ್ತಾ ಏರುತ್ತದೆ. 'ಡಿಗ್ ಮಿ ಔಟ್', 1997. ನನ್ನ ಮಟ್ಟಿಗೆ ನಿಮ್ಮ ಬಸ್ಸಿಗೆ ಇದೇ ಮೊದಲ ಟಿಕೆಟ್ಟು.

ರಾಗಿಮುದ್ದೆ_ರಾಕ್:

ಕ್ಷಮಿಸಿ, ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾನೂ ಇವುಗಳಲ್ಲಿ ಕೆಲವನ್ನು ಕೇಳಿದ್ದೇನೆ. ಕಿರುಚುವುದೇ ಸಂಗೀತವಾ? ಗಂಡಸರು ಕಿರುಚಿದರೂ ನನಗೆ ಇಷ್ಟ ಆಗುವುದಿಲ್ಲ, ಅದು ಬೇರೆ. ಆದರೆ ಹೆಣ್ಣು ದನಿಗೆ ಅಂತ ಒಂದು ಇಂಪು ಇದೆಯಲ್ಲ, ಅದನ್ನು ಬೇಕು ಬೇಕಂತಲೇ ಹಾಳು ಮಾಡಿಕೊಂಡ ಹಾಗೆ ಅನ್ನಿಸುತ್ತದೆ.

ಕುಂದಗೋಳ_ಪ್ಯಾಸೆಂಜರ್:

ರಾಗಿಮುದ್ದೆಯವರೇ, ನಾನು ಹುಬ್ಬಳ್ಳಿಯವಳು. ಇಂಪಿನ ಮಾತು ನಮ್ಮ ಊರಲ್ಲಿ ಆಡಬೇಡ್ರಿ.

ಗಂಗೂಬಾಯಿ ಹಾನಗಲ್ಲರ ದನಿ ಇಂಪಾಗಿತ್ತಾ? ಚಿಕ್ಕ ವಯಸ್ಸಿನ ರೆಕಾರ್ಡುಗಳಲ್ಲಿ ತೆಳ್ಳಗಿನ ದನಿಯೇ ಇತ್ತು. ಗಂಟಲಿನ ಟಾನ್ಸಿಲ್ ಚಿಕಿತ್ಸೆ ಆದ ಮೇಲೆ ಅದು ದಪ್ಪ ಆಯಿತು, ಗಂಡಸರ ದನಿಯ ಹಾಗೆ. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯನ್ನೇ ಹಿಡಿದು ಕಿರಾನಾ ಘರಾನೆಯ ದೊಡ್ಡ ಹೆಸರಾದರು. ನಮ್ಮಜ್ಜ ರೇಡಿಯೋದಲ್ಲಿ ಮೊದಲ ಸಲ ಕೇಳಿದಾಗ "ಯಾರಿವ, ಚಲೋ ಹಾಡ್ತಾನಲ್ಲ" ಅಂದಿದ್ದರಂತೆ. ಸಿನಿಮಾ ಹಾಡಿಗೆ ಬಂದರೆ ಎಲ್. ಆರ್. ಈಶ್ವರಿ. ಆ ದನಿಯಲ್ಲಿ ಇಂಪಿಗಿಂತ ಖಾರ ಜಾಸ್ತಿ. ಅದಕ್ಕೇ ಅವರಿಗೆ ನಾಯಕಿಯ ಹಾಡಿಗಿಂತ ಕ್ಯಾಬರೆ ಹಾಡೇ ಜಾಸ್ತಿ ಸಿಕ್ಕಿತು ಅಂತ ನನ್ನ ಗುಮಾನಿ. ಒಳ್ಳೆಯ ಹುಡುಗಿಯ ದನಿ ಹೀಗಿರಬೇಕು, ಕೆಟ್ಟ ಹುಡುಗಿಯದು ಹಾಗಿರಬೇಕು ಅಂತ ಯಾರೋ ಮೊದಲೇ ಹಂಚಿಬಿಟ್ಟಿದ್ದರು ಅಲ್ವಾ.

ಈಗ ಬಸ್ಸಿನ ಅಕ್ಕನಿಗೆ. ತಮ್ಮಯ್ಯನವರು ಹೇಳಿದ್ದೆಲ್ಲ ಸರಿ, ಆದರೆ ಅವರ ಪಟ್ಟಿ ಕೇಳಿದರೆ ಸಿಟ್ಟು ಅಂದರೆ ಜೋರು ಅನ್ನುವ ಹಾಗಿದೆ. ಹಾಗಲ್ಲ. ಪಿ. ಜೆ. ಹಾರ್ವಿ ಕೇಳಿ. ಇಂಗ್ಲೆಂಡಿನ ಡಾರ್ಸೆಟ್ ಕಡೆಯ ಹಳ್ಳಿ ಹುಡುಗಿ. 1993ರ 'ರಿಡ್ ಆಫ್ ಮಿ' ಆಲ್ಬಂನ ಮೊದಲ ಹಾಡಿನಲ್ಲಿ ಎಷ್ಟೋ ಹೊತ್ತು ಕಿವಿಯ ಹತ್ತಿರ ಬಂದು ಪಿಸುಗುಡುತ್ತಾಳೆ. ಆ ಪಿಸುಮಾತು ಕಿರುಚಾಟಕ್ಕಿಂತ ಭಯ ಹುಟ್ಟಿಸುತ್ತದೆ. ಮನೆಯಲ್ಲಿ ದೊಡ್ಡವರು ಬೈಯುವುದನ್ನು ನಿಲ್ಲಿಸಿ ಮೆತ್ತಗೆ ಮಾತಾಡಲು ಶುರು ಮಾಡಿದರೆ ಆಗುತ್ತದಲ್ಲ, ಅಂಥ ಭಯ. ಆಮೇಲೆ ಒಮ್ಮೆಲೇ ಗಿಟಾರು, ಡ್ರಮ್ಸು ಮೈಮೇಲೆ ಬೀಳುತ್ತವೆ. ಮೆತ್ತಗೆ ಇದೆ ಅಂತ ದಯವಿಟ್ಟು ವಾಲ್ಯೂಮ್ ಏರಿಸಬೇಡಿ, ಕಿವಿ ಹೋಗುತ್ತದೆ.

ಹೊಸದನ್ನು ಹುಡುಕುವ ದಾರಿ ಕೇಳಿದಿರಲ್ಲ, ನನ್ನ ದಾರಿ ಇದೇ ಆಲ್ಬಂನಿಂದ ಶುರುವಾಗಿದ್ದು. ಇದನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ, ಷಿಕಾಗೋದವರು, 2024ರಲ್ಲಿ ತೀರಿಕೊಂಡರು. ತನ್ನನ್ನು ಪ್ರೊಡ್ಯೂಸರ್ ಅಂತ ಕರೆಯಬೇಡಿ ಅನ್ನುತ್ತಿದ್ದ ಮನುಷ್ಯ. ರಾಯಲ್ಟಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬ್ಯಾಂಡ್ ಕೋಣೆಯಲ್ಲಿ ಹೇಗೆ ಕೇಳುತ್ತದೋ ಹಾಗೇ ಹಿಡಿಯುವುದು ಅವರ ಕೆಲಸ. ದನಿಗೆ ಸಕ್ಕರೆ ಹಚ್ಚುವುದಿಲ್ಲ. ನಾನು ಮಾಡಿದ್ದು ಇಷ್ಟೇ, ಆಲ್ಬಿನಿ ಇನ್ನು ಯಾರನ್ನೆಲ್ಲ ರೆಕಾರ್ಡ್ ಮಾಡಿದ್ದಾರೆ ಅಂತ ನೋಡುತ್ತಾ ಹೋದೆ. ಹಿಂದೆ ಹೋದರೆ ಕಿಮ್ ಡೀಲ್ ಕಟ್ಟಿದ 'ದಿ ಬ್ರೀಡರ್ಸ್', ಅವರ 1990ರ 'ಪಾಡ್'. ಮುಂದೆ ಬಂದರೆ ನ್ಯೂಜೆರ್ಸಿಯ 'ಸ್ಕ್ರೀಮಿಂಗ್ ಫೀಮೇಲ್ಸ್', 2012ರ 'ಅಗ್ಲಿ'. ಹೆಸರು ಬಹುವಚನ, ಆದರೆ ಬ್ಯಾಂಡಿನಲ್ಲಿ ಹೆಣ್ಣು ಒಬ್ಬಳೇ, ಮರಿಸ್ಸಾ ಪ್ಯಾಟರ್ನಾಸ್ಟರ್. ಹಾಡುವುದೂ ಅವಳೇ, ಗಿಟಾರಿನಲ್ಲಿ ಬೆಂಕಿ ಹಚ್ಚುವುದೂ ಅವಳೇ. 2023ರಲ್ಲಿ ಬ್ಯಾಂಡ್ ನಿಂತಿತು. ಯಾವ ಆ್ಯಪೂ ನನಗೆ ಇದನ್ನು ತೋರಿಸಿರಲಿಲ್ಲ. ಆಲ್ಬಂ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಹೆಸರುಗಳನ್ನು ಓದಿದರೆ ಸಾಕು, ಒಬ್ಬರು ಹತ್ತು ಮನೆ ತೋರಿಸುತ್ತಾರೆ.

ರಾಗಿಮುದ್ದೆ_ರಾಕ್:

ಗಂಗಜ್ಜಿಯನ್ನು ತಂದು ನಿಲ್ಲಿಸಿದ ಮೇಲೆ ನಾನೇನು ಹೇಳಲಿ ತಾಯಿ. ಆದರೆ ಅವರು ಕಿರುಚುತ್ತಿರಲಿಲ್ಲ, ಅಷ್ಟು ಹೇಳಿ ಸುಮ್ಮನಾಗುತ್ತೇನೆ. ಹಾರ್ವಿ ಒಂದು ಸಲ ಕೇಳಿ ನೋಡುತ್ತೇನೆ.

ಮೆಲ್ಬರ್ನ್_ಮಲೆನಾಡು:

ಆಮಿಲ್ ಆ್ಯಂಡ್ ದಿ ಸ್ನಿಫರ್ಸ್ ಹೆಸರು ಕಂಡು ಓಡಿ ಬಂದೆ. ಅದು ನಮ್ಮ ಊರಿನ ಬ್ಯಾಂಡು! ಹುಟ್ಟಿದ ಊರು ಕೊಪ್ಪ, ಈಗ ಹನ್ನೊಂದು ವರ್ಷದಿಂದ ಮೆಲ್ಬರ್ನ್, ಹಾಗಾಗಿ ನಮ್ಮೂರು ಅಂತ ಹೇಳಿಕೊಳ್ಳುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಅವರು 2016ರಲ್ಲಿ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದ ಗೆಳೆಯರು. ಮೊದಲ ಇಪಿ, ಅಂದರೆ ನಾಲ್ಕಾರು ಹಾಡಿನ ಪುಟ್ಟ ಆಲ್ಬಂ, 'ಗಿಡ್ಡಿ ಅಪ್'ನ ಹಾಡುಗಳನ್ನು ಬರೆದು, ರೆಕಾರ್ಡ್ ಮಾಡಿ, ಹೊರಗೆ ಬಿಟ್ಟಿದ್ದು ಎಲ್ಲಾ ಸೇರಿ ಹನ್ನೆರಡು ಗಂಟೆಯಲ್ಲಿ. ನಾವು ಇಲ್ಲಿ ದೋಸೆ ಹಿಟ್ಟು ಹುದುಗಲು ಅದಕ್ಕಿಂತ ಜಾಸ್ತಿ ಕಾಯುತ್ತೇವೆ. ನಿಮ್ಮ ತಂಗಿ ಯಾವ ಆಲ್ಬಂ ಹಾಕಿದಳೋ ಗೊತ್ತಿಲ್ಲ, 2021ರ 'ಕಂಫರ್ಟ್ ಟು ಮಿ' ತಪ್ಪದೆ ಕೇಳಿ. ಅದರಲ್ಲಿ ಒಂದು ಹಾಡು ಇದೆ, ಹೆಂಗಸೊಬ್ಬಳಿಗೆ ರಾತ್ರಿ ಪಾರ್ಕಿನಲ್ಲಿ ಸುಮ್ನೆ ನಡೆದಾಡಬೇಕು, ಅಷ್ಟೇ ಆಸೆ. ಆಮಿ ಟೇಲರ್ ಅದನ್ನು ಹಾಡುವಾಗ ಅರ್ಧ ಸಿಟ್ಟು, ಅರ್ಧ ಗೋಗರೆತ. ನನ್ನ ಹೆಂಡತಿ ಕೇಳಿ ಏನೂ ಮಾತಾಡಲಿಲ್ಲ, ಮತ್ತೆ ಹಾಕು ಅಂದಳು.

ಇಲ್ಲಿಯವರೆಗೆ ಬರೀ ಇಂಗ್ಲೆಂಡ್, ಅಮೆರಿಕ ಆಯಿತು. ಭಾಷೆ ಯಾವುದಾದರೂ ಪರವಾಗಿಲ್ಲ ಅಂದಿರಲ್ಲ, ಹಾಗಾದರೆ ಜಪಾನಿಗೆ ಬನ್ನಿ. ಕ್ಯೋಟೋದ 'ಒಟೊಬೊಕೆ ಬೀವರ್'. ನಾಲ್ಕೂ ಜನ ಹೆಂಗಸರು. 2022ರ 'ಸೂಪರ್ ಚಂಪಾನ್' ಆಲ್ಬಂನಲ್ಲಿ ಹದಿನೆಂಟು ಹಾಡು, ಒಟ್ಟು ಇಪ್ಪತ್ತು ನಿಮಿಷ ಚಿಲ್ಲರೆ. ಕೆಲವು ಹಾಡು ನೀವು ಬಸ್ಸಿನ ಚಿಲ್ಲರೆ ಎಣಿಸುವಷ್ಟರಲ್ಲಿ ಮುಗಿದಿರುತ್ತವೆ. ಹಾಡಿನ ನಡುವೆ ನಾಲ್ಕು ಸಲ ವೇಗ ಬದಲಾಗುತ್ತದೆ, ನಾಲ್ಕೂ ಜನ ಒಟ್ಟಿಗೆ ನಿಲ್ಲುತ್ತಾರೆ, ಒಟ್ಟಿಗೆ ಹೊರಡುತ್ತಾರೆ. ಇದನ್ನು ಯಾರೂ ಸುಮ್ನೆ ಕಿರುಚಾಟ ಅನ್ನಬೇಡಿ, ಹೀಗೆ ಬಾರಿಸಲು ಎಷ್ಟು ತಾಲೀಮು ಬೇಕು ಅಂತ ಚಂಡೆ ಹೊಡೆದವರನ್ನು ಕೇಳಿ. ಒಂದು ಹಾಡಿನ ವಿಷಯ ಕೇಳಿದರೆ ನಗುತ್ತೀರಿ, ನಾನು ಎಲ್ಲರಿಗೂ ಸಲಾಡ್ ಬಡಿಸುವುದಿಲ್ಲ ಅಂತ. ಜಪಾನಿನಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ಹುಡುಗಿಯೇ ಎಲ್ಲರ ತಟ್ಟೆಗೆ ಹಾಕಬೇಕು ಅನ್ನುವ ರೂಢಿಯ ಮೇಲೆ. ನಮ್ಮ ಮನೆಗಳ ಗೃಹಪ್ರವೇಶ, ಸತ್ಯನಾರಾಯಣ ಪೂಜೆ ನೆನಪಾಗಲಿಲ್ಲವಾ?

ಇಂಡೋನೇಷ್ಯಾದ 'ವಾಯ್ಸ್ ಆಫ್ ಬಚೆಪ್ರೊಟ್' ಕೂಡ ನೋಡಿ. ಪಶ್ಚಿಮ ಜಾವಾದ ಗಾರುಟ್ ಕಡೆಯ ಮೂವರು ಹುಡುಗಿಯರು, 2014ರಲ್ಲಿ ಶಾಲೆಯಲ್ಲಿದ್ದಾಗ ಕಟ್ಟಿದ ಬ್ಯಾಂಡ್. ಮೂವರೂ ಹಿಜಾಬ್ ಹಾಕಿಕೊಂಡೇ ನುಡಿಸುತ್ತಾರೆ. ಬಚೆಪ್ರೊಟ್ ಅಂದರೆ ಅವರ ಸುಂಡಾ ಭಾಷೆಯಲ್ಲಿ ಗಲಾಟೆ. ಮೆಟಲ್ ಹೌದು, ಆದರೆ ಹೆದರಬೇಡಿ, ಗಾಯಕಿ ಮಾರ್ಷಾ ಗುರ್‌ಗುಡುವುದಿಲ್ಲ, ಹಾಡುತ್ತಾಳೆ. ಸಂಗೀತ ನುಡಿಸುವ ಹೆಣ್ಣುಮಕ್ಕಳು ಅಂತ ಊರಲ್ಲಿ ಬೈಸಿಕೊಂಡವರು 2024ರಲ್ಲಿ ಇಂಗ್ಲೆಂಡಿನ ದೊಡ್ಡ ಸಂಗೀತೋತ್ಸವವಾದ ಗ್ಲಾಸ್ಟನ್‌ಬರಿಯಲ್ಲಿ ನುಡಿಸಿದರು. ಇಂಡೋನೇಷ್ಯಾದಿಂದ ಅಲ್ಲಿಗೆ ಹೋದ ಮೊದಲ ಬ್ಯಾಂಡ್ ಇವರದೇ.

ಜೇಬಲ್ಲಿ_ಇಯರ್‌ಫೋನ್:

ಎಲ್ಲರೂ ಹೆಸರು ಕೊಟ್ಟಿರಿ, ನಾನು ಹುಡುಕುವ ಜಾಗ ಹೇಳುತ್ತೇನೆ. ಎರಡೇ.

ಒಂದು, ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೋದವರ ಯೂಟ್ಯೂಬ್. ಬ್ಯಾಂಡನ್ನು ಸ್ಟುಡಿಯೋಗೆ ಕರೆಸಿ ಲೈವ್ ನುಡಿಸುತ್ತಾರೆ. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ದನಿ ಯಾವುದು, ನಿಜವಾದ ಗಂಟಲು ಯಾವುದು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡು, ಬ್ಯಾಂಡ್‌ಕ್ಯಾಂಪ್. ಬ್ಯಾಂಡಿನವರು ತಮ್ಮ ಆಲ್ಬಂಗಳನ್ನು ನೇರವಾಗಿ ಮಾರುವ ಜಾಲತಾಣ. ಇದರ ಗುಟ್ಟು ತುಂಬಾ ಜನಕ್ಕೆ ಗೊತ್ತಿಲ್ಲ. ನಿಮಗೆ ಇಷ್ಟವಾದ ಆಲ್ಬಂ ತೆಗೆಯಿರಿ, ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳು ಅಲ್ಲೇ ಇರುತ್ತವೆ. ಯಾರದ್ದಾದರೂ ಒಂದರ ಮೇಲೆ ಒತ್ತಿ. ಆ ಮನುಷ್ಯ ದುಡ್ಡು ಕೊಟ್ಟು ಇನ್ನು ಏನೇನು ಕೊಂಡಿದ್ದಾನೆ ಅಂತ ಪೂರ್ತಿ ಕಾಣುತ್ತದೆ. ಆ್ಯಪಿನ ಲೆಕ್ಕಾಚಾರಕ್ಕಿಂತ ಗೊತ್ತಿಲ್ಲದ ಊರಿನ ಒಬ್ಬ ಹುಚ್ಚನ ಕಪಾಟು ಎಷ್ಟೋ ಮೇಲು. ನನಗೆ ಫಿಲಡೆಲ್ಫಿಯಾದ 'ಮ್ಯಾನಿಕಿನ್ ಪುಸ್ಸಿ' ಸಿಕ್ಕಿದ್ದು ಹಾಗೇ. ಹೆಸರು ನೋಡಿ ಹೌಹಾರಬೇಡಿ, ಫೋನಿನ ಪರದೆ ಮಾತ್ರ ಪಕ್ಕದವರಿಗೆ ಕಾಣದ ಹಾಗೆ ಹಿಡಿದುಕೊಳ್ಳಿ. 2024ರ 'ಐ ಗಾಟ್ ಹೆವನ್' ಕೇಳಿ. ಹಾಡುವವಳು ಒಂದು ಸಾಲು ಕೂಗಿ, ಮುಂದಿನ ಸಾಲನ್ನು ಜೇನು ಸುರಿದ ಹಾಗೆ ಹಾಡುತ್ತಾಳೆ.

ತಮಟೆ_ತಮ್ಮಯ್ಯ:

ಬ್ಯಾಂಡ್‌ಕ್ಯಾಂಪ್ ಗುಟ್ಟು ನನಗೂ ಹೊಸದು, ಥ್ಯಾಂಕ್ಸ್ ಗುರು. ಒಬ್ಬರನ್ನು ಬಿಟ್ಟಿದ್ದೆ, 'ಹೋಲ್' ಬ್ಯಾಂಡಿನ ಕರ್ಟ್ನಿ ಲವ್. 'ಲಿವ್ ಥ್ರೂ ದಿಸ್' 1994ರ ಏಪ್ರಿಲ್ 12ಕ್ಕೆ ಬಂತು. ಗಂಡ, 'ನಿರ್ವಾಣ' ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ಹೆಣ ಸಿಕ್ಕಿ ನಾಲ್ಕೇ ದಿನ ಆಗಿತ್ತು. ಎಲ್ಲರೂ ವಿಧವೆಯ ಬಗ್ಗೆ ಮಾತಾಡಿದರು, ಆಲ್ಬಂ ಬಗ್ಗೆ ಮಾತಾಡಿದವರು ಕಡಿಮೆ. ಇವತ್ತು ಆ ಕಥೆ ಪಕ್ಕಕ್ಕಿಟ್ಟು ಬರೀ ಹಾಡು ಕೇಳಿ, ಎಂಥಾ ಗಟ್ಟಿ ಕೆಲಸ ಅಂತ ಕಾಣುತ್ತದೆ.

ಕನ್ನಡದಲ್ಲಿ ಯಾರಾದರೂ ಇದ್ದಾರಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೇ ಮೊದಲೇ ಹೇಳುತ್ತೇನೆ. ನಮ್ಮಲ್ಲಿ ಹೆಸರಾದ ರಾಕ್ ಬ್ಯಾಂಡ್‌ಗಳೆಲ್ಲ ಹೆಚ್ಚಾಗಿ ಗಂಡು ದನಿಯವೇ. ಗಿಟಾರಿನ ಅಬ್ಬರ ಬೇಡ, ಹಟ ಇರುವ ದನಿ ಸಾಕು ಅಂದರೆ ಬಿಂದುಮಾಲಿನಿಯವರ 'ನಾತಿಚರಾಮಿ' ಸಿನಿಮಾದ ಹಾಡುಗಳಿವೆ. ಸಂಗೀತವೂ ಅವರದೇ, ಹಾಡಿದ್ದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಭಾರತದಲ್ಲೇ ಗಂಟಲು ಬಿಚ್ಚಿ ಹಾಡುವವರು ಬೇಕೆಂದರೆ ಶಿಲ್ಲಾಂಗಿನ 'ಸೋಲ್‌ಮೇಟ್'. 2003ರಲ್ಲಿ ಶುರುವಾದ ಬ್ಲೂಸ್ ಬ್ಯಾಂಡ್, ಹಾಡುವವರು ಟಿಪ್ರಿಟಿ. ಪಂಕ್ ಅಲ್ಲ, ಆದರೆ ನಿಮ್ಮಮ್ಮ ಸೌಟು ಹಿಡಿದು ಮತ್ತೆ ಓಡಿ ಬರುವುದು ಗ್ಯಾರಂಟಿ.

ಬೆಳಗಿನ_ಬಸ್ಸು:

ಹತ್ತು ದಿನ ಆಯಿತು, ವರದಿ ಒಪ್ಪಿಸಬೇಕಲ್ಲ.

ಸ್ಲೀಟರ್-ಕಿನ್ನಿ ಮೊದಲ ದಿನ ಹಿಡಿಸಲಿಲ್ಲ, ನಿಜ ಹೇಳುತ್ತೇನೆ. ಆ ದನಿ ತಲೆನೋವು ಬರಿಸಿತು. ಮೂರನೇ ದಿನ ಆಫೀಸಿನಲ್ಲಿ ಒಂದು ಮೀಟಿಂಗ್ ಇತ್ತು, ನಾನು ಹೇಳಿದ್ದನ್ನೇ ಹತ್ತು ನಿಮಿಷ ಬಿಟ್ಟು ಇನ್ನೊಬ್ಬರು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡರು. ಸಂಜೆ ಬಸ್ಸಲ್ಲಿ ಮತ್ತೆ ಹಾಕಿದೆ. ಆಗ ಆ ದನಿ ಎಲ್ಲಿ ಹೋಗಿ ಕೂರಬೇಕೋ ಅಲ್ಲಿ ಕೂತಿತು. ಈಗ ದಿನಾ ಅದೇ.

ಕುಂದಗೋಳದವರೇ, ನೀವು ಅಷ್ಟು ಹೇಳಿದರೂ ನಾನು ವಾಲ್ಯೂಮ್ ಏರಿಸಿದೆ. ಮಳೆ ಸದ್ದಿಗೆ ಹಾರ್ವಿ ಏನು ಹೇಳುತ್ತಿದ್ದಾಳೆ ಕೇಳಿಸಲಿಲ್ಲ, ಅದಕ್ಕೇ. ಆಮೇಲೆ ಆದದ್ದು ನೀವು ಊಹಿಸಬಹುದು. ನಾನು ಸೀಟಿಂದ ಹಾರಿದ ರಭಸಕ್ಕೆ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದ ಯಜಮಾನರು ತಮ್ಮ ಸ್ಟಾಪು ಬಂತು ಅಂತ ಎದ್ದು ಇಳಿಯಲು ಹೊರಟರು.

ಪಾಲಿ ಸ್ಟೈರೀನ್ ತುಂಬಾ ತುಂಬಾ ಇಷ್ಟ ಆದಳು. ಆ ಹಲ್ಲಿನ ಕ್ಲಿಪ್ಪು ನೋಡಿ ನನ್ನ ಮಗಳೂ ಬಂದು ಪಕ್ಕದಲ್ಲಿ ಕೂತಳು, ಅವಳಿಗೆ ಹೋದ ವರ್ಷವಷ್ಟೇ ಹಾಕಿಸಿದ್ದೇವೆ, ಫೋಟೋಗೆ ಬಾಯಿ ಬಿಡುವುದೇ ಇಲ್ಲ. ಆದರೆ ಅವಳ ಮೆಚ್ಚಿನದು ಒಟೊಬೊಕೆ ಬೀವರ್. ಇದಕ್ಕೆ ಮೆಲ್ಬರ್ನಿನವರೇ ಹೊಣೆ. ಭಾನುವಾರ ನಾದಿನಿ ಮನೆಯಲ್ಲಿ ಪೂಜೆ ಇತ್ತು. ಊಟಕ್ಕೆ ಎಲೆ ಹಾಕಿದ ಮೇಲೆ ಯಾರೋ ದೊಡ್ಡವರು "ಪುಟ್ಟಿ, ಕೋಸಂಬರಿ ಬಡಿಸು ಬಾ" ಅಂದರು. ಹುಡುಗರೆಲ್ಲ ಮೊಬೈಲು ಹಿಡಿದು ಕೂತೇ ಇದ್ದರು. ಇವಳು ಬಡಿಸಿದಳು, ಇಲ್ಲ ಅನ್ನಲಿಲ್ಲ, ಆದರೆ ಸಾಲಿನ ಉದ್ದಕ್ಕೂ ಆ ಜಪಾನಿ ಹಾಡನ್ನು ಬಾಯಲ್ಲೇ ಗುನುಗುತ್ತಾ ಹೋದಳು. ಅರ್ಥ ಆಗಿದ್ದು ನಮ್ಮಿಬ್ಬರಿಗೆ ಮಾತ್ರ. ನನಗೆ ಪಾಯಸ ನೆತ್ತಿಗೇರಿತು.

ಈಗ ಅವಳಿಗೆ ಡ್ರಮ್ಸ್ ಕಲಿಯಬೇಕಂತೆ. ಕತ್ರಿಗುಪ್ಪೆ, ಬನಶಂಕರಿ ಕಡೆ ಹನ್ನೊಂದು ವರ್ಷದ ಮಕ್ಕಳಿಗೆ ಕಲಿಸುವವರು ಯಾರಾದರೂ ಗೊತ್ತಾ? ಕ್ಲಾಸಿಗೇ ಹೋಗಿ ಬಾರಿಸುವ ಹಾಗಿರಬೇಕು, ನಮ್ಮದು ಎರಡನೇ ಮಹಡಿ, ಕೆಳಗೆ ಓನರ್ ಇದ್ದಾರೆ.